ಹಳಿ ಕಿತ್ತ ಮೇಲೂ ಉಳಿದ ದಾರಿ: ವರ್ಮಾಂಟಿನ ಲಮೋಯ್ಲ್ ಕಣಿವೆಯಲ್ಲಿ ಸೈಕಲ್, ನಡಿಗೆ ಮತ್ತು ಸ್ಕೀ

ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ವರ್ಮಾಂಟ್ ರಾಜ್ಯದಲ್ಲಿ, ಪೂರ್ವದ ಸೇಂಟ್ ಜಾನ್ಸ್‌ಬರಿ ಪಟ್ಟಣದಿಂದ ಪಶ್ಚಿಮದ ಸ್ವಾಂಟನ್ ಪಟ್ಟಣದವರೆಗೆ, ರಾಜ್ಯದ ಅಗಲವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಅಡ್ಡಹಾಯುವ ಸುಮಾರು 150 ಕಿಲೋಮೀಟರ್ ಉದ್ದದ ಒಂದು ದಾರಿಯಿದೆ. ಅದರ ಮೇಲೆ ಕಾರು ಓಡುವಂತಿಲ್ಲ. ಬೇಸಿಗೆಯಲ್ಲಿ ಸೈಕಲ್ ಸವಾರರೂ ನಡೆಯುವವರೂ ಕುದುರೆ ಸವಾರರೂ ಅದನ್ನು ಬಳಸುತ್ತಾರೆ. ಚಳಿಗಾಲದಲ್ಲಿ ಹಿಮ ಬಿದ್ದ ಮೇಲೆ ಅದೇ ದಾರಿಯಲ್ಲಿ ಸ್ಕೀ ಕಟ್ಟಿಕೊಂಡವರೂ ಸ್ನೋಮೊಬೈಲ್ ಎಂಬ ಹಿಮವಾಹನದವರೂ ಸಾಗುತ್ತಾರೆ. ಲಮೋಯ್ಲ್ ವ್ಯಾಲಿ ರೈಲ್ ಟ್ರೇಲ್ ಎಂದು ಕರೆಯಲಾಗುವ ಈ ದಾರಿ 1877ರಲ್ಲಿ ಪೂರ್ಣಗೊಂಡ ಒಂದು ರೈಲುಮಾರ್ಗದ ನೆಲದ ಮೇಲೆಯೇ ನಿಂತಿದೆ. ಹಳಿಗಳನ್ನೂ ಅವುಗಳ ಕೆಳಗಿನ ಸ್ಲೀಪರುಗಳನ್ನೂ ಕಿತ್ತು, ಉಳಿದ ನೆಲಗಟ್ಟನ್ನು ಸರಿಪಡಿಸಿ, ಕಲ್ಲಿನ ಪುಡಿ ಹಾಸಿ ಇದನ್ನು ಜನರ ಬಳಕೆಗೆ ಬಿಡಲಾಗಿದೆ. ಅಮೆರಿಕದ ಈಶಾನ್ಯದ ಆರು ರಾಜ್ಯಗಳು ಸೇರಿದ ನ್ಯೂ ಇಂಗ್ಲೆಂಡ್ ಪ್ರದೇಶದ ಇಂತಹ ರೈಲುಹಾದಿಗಳಲ್ಲಿ ಇದೇ ಅತ್ಯಂತ ಉದ್ದವಾದದ್ದು.

ಇಂತಹ ದಾರಿಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅಲ್ಲಿನ ನೋಟಗಳನ್ನೇ ವರ್ಣಿಸಿ ನಿಲ್ಲಿಸಿಬಿಡುತ್ತಾರೆ. ಆದರೆ ರೈಲುಹಾದಿಯ ನಿಜವಾದ ಸಂಪತ್ತು ಎರಡು ಸಂಗತಿಗಳಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು, ಅದರ ಏರಿಳಿತ ಅತಿ ಮೃದುವಾಗಿರುವುದು. ಇನ್ನೊಂದು, ಹತ್ತಾರು ಊರುಗಳನ್ನೂ ನೂರಾರು ಜಮೀನುಗಳನ್ನೂ ಹಾಯ್ದರೂ ಎಲ್ಲಿಯೂ ಕಡಿಯದೆ ಒಂದೇ ಎಳೆಯಾಗಿ ಉಳಿದಿರುವುದು. ಮೊದಲನೆಯದನ್ನು ಕೊಟ್ಟವರು ಹತ್ತೊಂಬತ್ತನೆಯ ಶತಮಾನದ ಎಂಜಿನಿಯರುಗಳು. ಎರಡನೆಯದನ್ನು ಉಳಿಸಿದ್ದು ಇಪ್ಪತ್ತನೆಯ ಶತಮಾನದ ಒಂದು ಕಾನೂನು. ಇವೆರಡನ್ನೂ ಅರಿತವರಿಗೆ ಯಾವ ತುದಿಯಿಂದ ಹೊರಡಬೇಕು, ಯಾವ ತಿಂಗಳಲ್ಲಿ ಹೋಗಬೇಕು, ಎಲ್ಲಿ ಎಚ್ಚರದಿಂದಿರಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ತಾನಾಗಿ ಸಿಗುತ್ತದೆ.

ಏರು ಏಕೆ ಇಷ್ಟು ಮೃದು

ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ಉರುಳುವಾಗ ಎದುರಾಗುವ ತಡೆ ಅತ್ಯಲ್ಪ. ಸಮತಟ್ಟಾದ ಹಳಿಯ ಮೇಲೆ ನಿಧಾನವಾಗಿ ಸಾಗುವ ಗಾಡಿಯನ್ನು ಚಲನೆಯಲ್ಲಿಡಲು ಪ್ರತಿ ಟನ್ನಿಗೆ ಸುಮಾರು 2 ಕಿಲೋಗ್ರಾಂ ತೂಕದಷ್ಟು ಎಳೆತ ಸಾಕಾಗುತ್ತದೆ. ರೈಲು ಅಗ್ಗದ ಸಾರಿಗೆಯಾಗಿರುವುದು ಇದರಿಂದಲೇ. ಆದರೆ ಅದೇ ಗಾಡಿ ನೂರು ಮೀಟರಿಗೆ ಒಂದು ಮೀಟರ್ ಎತ್ತರ ಏರಬೇಕಾಗಿ ಬಂದರೆ, ಭೂಮಿಯ ಸೆಳೆತವನ್ನು ಎದುರಿಸಲೆಂದೇ ಪ್ರತಿ ಟನ್ನಿಗೆ ಇನ್ನೂ 10 ಕಿಲೋಗ್ರಾಂ ಎಳೆತ ಬೇಕಾಗುತ್ತದೆ. ಅಂದರೆ ಕಣ್ಣಿಗೆ ಏರೆಂದೇ ತೋರದಷ್ಟು ಚಿಕ್ಕ ಏರು ಎಂಜಿನ್ನಿನ ಹೊರೆಯನ್ನು ಆರು ಪಟ್ಟು ಹೆಚ್ಚಿಸುತ್ತದೆ. ಇದಲ್ಲದೆ ನುಣುಪಾದ ಹಳಿಯ ಮೇಲೆ ನುಣುಪಾದ ಚಕ್ರಕ್ಕೆ ಹಿಡಿತವೂ ಕಡಿಮೆ. ಏರು ಕಡಿದಾದಷ್ಟೂ ಚಕ್ರ ನಿಂತಲ್ಲೇ ಸುತ್ತುವ ಅಪಾಯ ಹೆಚ್ಚು. ಆದ್ದರಿಂದ ರೈಲು ಎಂಜಿನಿಯರುಗಳು ಏರನ್ನು ಶೇಕಡಾ 1ರಿಂದ 2ರೊಳಗೆ ಇರಿಸಲು ಅಪಾರ ಹಣವನ್ನೂ ಶ್ರಮವನ್ನೂ ಸುರಿದರು. ಎದುರಾದ ದಿಬ್ಬವನ್ನು ಕಡಿದು ಕಂದರದಂತಹ ದಾರಿ ಮಾಡಿದರು, ಕಡಿದ ಮಣ್ಣನ್ನು ಮುಂದಿನ ತಗ್ಗಿಗೆ ಸುರಿದು ಏರಿ ಕಟ್ಟಿದರು, ಕಡಿಯಲಾಗದ ಬೆಟ್ಟವನ್ನು ದೊಡ್ಡ ತಿರುವಿನಲ್ಲಿ ಬಳಸಿಹೋದರು, ಸಾಧ್ಯವಾದಲ್ಲೆಲ್ಲ ನದಿಯ ದಂಡೆಯನ್ನೇ ಹಿಡಿದು ಸಾಗಿದರು.

ಕನ್ನಡ ನಾಡಿನ ಓದುಗರಿಗೆ ಈ ಲೆಕ್ಕ ಸಕಲೇಶಪುರದ ಘಟ್ಟದಲ್ಲಿ ಕಣ್ಣಿಗೇ ಕಾಣುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳನ್ನು ಕೊರೆಯಬೇಕಾದುದಕ್ಕೆ ಮುಖ್ಯ ಕಾರಣ, ಘಟ್ಟದ ಇಳಿಜಾರು 50ಕ್ಕೆ 1ನ್ನು ಮೀರದಂತೆ ಹಳಿಯನ್ನು ಬೆಟ್ಟದ ಮೈಗೆ ಸುತ್ತಿಸಿ ತರಬೇಕಾಗಿತ್ತು. ಶಿರಾಡಿಯ ರಸ್ತೆಯೂ ಅದೇ ಘಟ್ಟವನ್ನೇ ಇಳಿಯುತ್ತದೆ. ಆದರೆ ಅದು ಇಷ್ಟು ಕಟ್ಟುನಿಟ್ಟಾದ ನಿಯಮಕ್ಕೆ ಒಳಪಟ್ಟಿಲ್ಲ.

ಉಗಿಬಂಡಿಗಾಗಿ ಮಾಡಿದ ಈ ಏರ್ಪಾಡು ಮನುಷ್ಯನ ಕಾಲಿಗೆ ಎಷ್ಟು ಒಪ್ಪುತ್ತದೆ ಎಂಬುದನ್ನೂ ಲೆಕ್ಕ ಹಾಕಿ ನೋಡಬಹುದು. ಸವಾರನೂ ಸೈಕಲ್ಲೂ ಸೇರಿ 90 ಕಿಲೋಗ್ರಾಂ ತೂಕವಿದ್ದು, ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ಶೇಕಡಾ 2ರ ಏರನ್ನು ಹತ್ತುವಾಗ, ಎತ್ತರ ಗಳಿಸಲೆಂದೇ ಸುಮಾರು 60 ವ್ಯಾಟ್ ಶಕ್ತಿ ಖರ್ಚಾಗುತ್ತದೆ. ನೆಲದ ತಡೆಯನ್ನೂ ಗಾಳಿಯ ತಡೆಯನ್ನೂ ಸೇರಿಸಿದರೂ ಸಾಧಾರಣ ಆರೋಗ್ಯವಂತರು ಇದನ್ನು ಗಂಟೆಗಟ್ಟಲೆ ನಿಭಾಯಿಸಬಲ್ಲರು. ಅದೇ ವೇಗದಲ್ಲಿ ಶೇಕಡಾ 8ರ ಏರು ಹತ್ತಬೇಕಾದರೆ ಸುಮಾರು 235 ವ್ಯಾಟ್ ಬೇಕು. ಅದು ಪಳಗಿದ ಸವಾರರಿಗಷ್ಟೇ ಸಾಧ್ಯ. ವರ್ಮಾಂಟಿನ ಹಳ್ಳಿಗಾಡಿನ ರಸ್ತೆಗಳಲ್ಲಿ ಶೇಕಡಾ 8ರ ಏರು ಅಪರೂಪವಲ್ಲ. ಹೀಗಾಗಿ ಅದೇ ಬೆಟ್ಟಸೀಮೆಯ ನಡುವೆ ಎಪ್ಪತ್ತು ವರ್ಷದ ಅಜ್ಜಿಯೂ ಎಂಟು ವರ್ಷದ ಮೊಮ್ಮಗಳೂ ಜೊತೆಯಾಗಿ ಸೈಕಲ್ ತುಳಿಯಬಹುದಾದ ದಾರಿಯೆಂದರೆ ರೈಲುಹಾದಿಯೊಂದೇ.

ಕಡಿಯದೆ ಉಳಿದದ್ದು ಹೇಗೆ

ಅಮೆರಿಕದ ರೈಲುಜಾಲ ತನ್ನ ಉತ್ತುಂಗವನ್ನು ಮುಟ್ಟಿದ್ದು 1916ರಲ್ಲಿ. ಆಗ ಅದರ ಉದ್ದ ಸುಮಾರು 4 ಲಕ್ಷ ಕಿಲೋಮೀಟರ್. ಲಾರಿಗಳೂ ಹೆದ್ದಾರಿಗಳೂ ಬಂದ ಮೇಲೆ ಹಳ್ಳಿಗಳ ಕವಲುಮಾರ್ಗಗಳು ಒಂದೊಂದಾಗಿ ನಷ್ಟಕ್ಕೆ ಬಿದ್ದವು. 1980ರ ಸ್ಟ್ಯಾಗರ್ಸ್ ಕಾಯ್ದೆ ರೈಲು ಕಂಪನಿಗಳ ಮೇಲಿನ ಸರ್ಕಾರಿ ಹಿಡಿತವನ್ನು ಸಡಿಲಿಸಿದಾಗ, ಲಾಭವಿಲ್ಲದ ಮಾರ್ಗಗಳನ್ನು ಕೈಬಿಡುವುದು ಇನ್ನಷ್ಟು ಸುಲಭವಾಯಿತು.

ಹಳಿ ಕಿತ್ತುಹಾಕಿದ ಜಾಗ ಯಾರಿಗೆ ಸೇರಬೇಕು ಎಂಬ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ, ಮತ್ತು ರೈಲುಹಾದಿಯ ವಿಷಯದಲ್ಲಿ ಅತ್ಯಂತ ತೊಡಕಿನದೂ ಇದೇ. ಹೊರಗಿನಿಂದ ನೋಡುವವರಿಗೆ ರೈಲುಮಾರ್ಗವು ಒಬ್ಬನೇ ಒಡೆಯನ ಉದ್ದನೆಯ ಜಮೀನಿನಂತೆ ಕಾಣುತ್ತದೆ. ಕಾಗದಪತ್ರಗಳಲ್ಲಿ ಅದು ನೂರಾರು ತುಂಡುಗಳ ಜೋಡಣೆ. ಕೆಲವು ತುಂಡುಗಳನ್ನು ಕಂಪನಿ ಕ್ರಯಕ್ಕೆ ಕೊಂಡಿರುತ್ತದೆ. ಇನ್ನು ಕೆಲವನ್ನು ರೈತರು ‘ರೈಲು ಓಡಿಸುವುದಕ್ಕೆ ಮಾತ್ರ’ ಎಂದು ಬರೆದುಕೊಟ್ಟಿರುತ್ತಾರೆ. ಅಂತಹ ಕಡೆ ಕಂಪನಿಗೆ ಇರುವುದು ದಾರಿಯ ಹಕ್ಕು, ನೆಲದ ಒಡೆತನವಲ್ಲ. ಕಂಪನಿ ಮಾರ್ಗವನ್ನು ಶಾಶ್ವತವಾಗಿ ತೊರೆದರೆ ಆ ಹಕ್ಕು ಅಲ್ಲಿಗೇ ಮುಗಿದು, ನೆಲವು ಅಕ್ಕಪಕ್ಕದ ಜಮೀನುದಾರರ ಪಾಲಾಗುತ್ತದೆ. ನಡುವೆ ಅರ್ಧ ಕಿಲೋಮೀಟರ್ ಹೀಗೆ ಕೈಬಿಟ್ಟರೂ ಸಾಕು, ಇಡೀ ಸಾಲು ಉಪಯೋಗಕ್ಕೆ ಬಾರದಂತಾಗುತ್ತದೆ. ಒಮ್ಮೆ ಅಲ್ಲಿ ಮನೆಯೋ ಕೊಟ್ಟಿಗೆಯೋ ಎದ್ದರೆ ಅದನ್ನು ಮತ್ತೆ ಕೂಡಿಸುವುದು ಯಾವ ಸರ್ಕಾರಕ್ಕೂ ಸುಲಭವಲ್ಲ.

ಇದಕ್ಕೆ ಅಮೆರಿಕದ ಸಂಸತ್ತು 1983ರಲ್ಲಿ ಒಂದು ಉಪಾಯ ಹುಡುಕಿತು. 1968ರ ರಾಷ್ಟ್ರೀಯ ಟ್ರೇಲ್ ವ್ಯವಸ್ಥೆಯ ಕಾಯ್ದೆಗೆ ತಿದ್ದುಪಡಿ ತಂದು, ರೈಲು ನಿಂತ ಮಾರ್ಗವನ್ನು ಜನರ ಹಾದಿಯಾಗಿ ಬಳಸುತ್ತಿರುವಷ್ಟು ಕಾಲ ಕಾನೂನಿನ ದೃಷ್ಟಿಯಲ್ಲಿ ಅದನ್ನು ‘ತೊರೆದ’ ಮಾರ್ಗವೆಂದು ಪರಿಗಣಿಸುವಂತಿಲ್ಲ ಎಂದು ಹೇಳಿತು. ಮುಂದೆ ದೇಶಕ್ಕೆ ರೈಲು ಬೇಕೆನಿಸಿದರೆ ಅದೇ ಸಾಲಿನಲ್ಲಿ ಮತ್ತೆ ಹಳಿ ಹಾಕಲು ಅವಕಾಶವಿರುತ್ತದೆ. ಅಲ್ಲಿಯವರೆಗೆ ಹಾದಿಯನ್ನು ವಹಿಸಿಕೊಂಡ ಸಂಸ್ಥೆ ಅದರ ನಿರ್ವಹಣೆ, ತೆರಿಗೆ ಮತ್ತು ಕಾನೂನು ಹೊಣೆಯನ್ನು ಹೊರಬೇಕು. ನಮ್ಮ ಹಳ್ಳಿಗಳಲ್ಲಿ ಜಮೀನನ್ನು ಭೋಗ್ಯಕ್ಕೆ ಕೊಡುವ ಪದ್ಧತಿಯನ್ನು ಬಲ್ಲವರಿಗೆ ಇದರ ತಿರುಳು ಬೇಗ ಹಿಡಿಯುತ್ತದೆ: ಉಳುವವನು ಬೇರೆಯಾದರೂ ಜಮೀನು ಕೈಬಿಟ್ಟುಹೋಗಿಲ್ಲ, ಹಿಂದಿರುಗುವ ಬಾಗಿಲು ಮುಚ್ಚಿಲ್ಲ. ಈ ಏರ್ಪಾಡನ್ನು ಅಲ್ಲಿ ರೈಲ್‌ಬ್ಯಾಂಕಿಂಗ್ ಎನ್ನುತ್ತಾರೆ.

ಜಮೀನುದಾರರು ಇದನ್ನು ಸುಮ್ಮನೆ ಒಪ್ಪಲಿಲ್ಲ. ವಿಶೇಷವೆಂದರೆ ದೇಶದ ದಿಕ್ಕನ್ನು ನಿರ್ಧರಿಸಿದ ಮೊಕದ್ದಮೆ ಹುಟ್ಟಿದ್ದು ವರ್ಮಾಂಟಿನಲ್ಲಿಯೇ. ಬರ್ಲಿಂಗ್ಟನ್ ನಗರದಲ್ಲಿ ತಮ್ಮ ಮನೆಯ ಪಕ್ಕದ ಹಳೆಯ ರೈಲುಜಾಗದಲ್ಲಿ ಸೈಕಲ್ ದಾರಿ ಮಾಡಿದ್ದನ್ನು ಪ್ರಶ್ನಿಸಿ ಒಂದು ದಂಪತಿ ನ್ಯಾಯಾಲಯಕ್ಕೆ ಹೋದರು. 1990ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಕಾನೂನು ಸಂವಿಧಾನಬದ್ಧವೆಂದು ಎತ್ತಿಹಿಡಿಯಿತು. ಜೊತೆಗೆ, ನೆಲದ ಹಕ್ಕು ಕಳೆದುಕೊಂಡವರು ಸರ್ಕಾರದಿಂದ ಪರಿಹಾರ ಕೇಳಬಹುದು ಎಂದೂ ಹೇಳಿತು. ಮುಂದೆ 1996ರಲ್ಲಿ ಮೇಲ್ಮನವಿ ನ್ಯಾಯಾಲಯವು ಆ ದಂಪತಿಗೆ ಪರಿಹಾರದ ಹಕ್ಕು ಇದೆಯೆಂದು ತೀರ್ಪಿತ್ತಿತು. ನನಗೆ ಇದು ನ್ಯಾಯಸಮ್ಮತವಾದ ಹೊಂದಾಣಿಕೆಯೆಂದೇ ತೋರುತ್ತದೆ: ಸಾರ್ವಜನಿಕರಿಗೆ ದಾರಿಯೂ ಉಳಿಯಿತು, ನೆಲ ಕಳೆದುಕೊಂಡವರ ಮಾತಿಗೂ ಬೆಲೆ ಸಿಕ್ಕಿತು.

ಲಮೋಯ್ಲ್ ಮಾರ್ಗದ ಕಥೆ ಇದಕ್ಕಿಂತ ಸರಳ, ಆದರೆ ನಿಧಾನದ್ದು. ಮಾರ್ಗ ಮುಚ್ಚುವ ಸ್ಥಿತಿಗೆ ಬಂದಾಗ ವರ್ಮಾಂಟ್ ರಾಜ್ಯವೇ ಅದನ್ನು 1973ರಲ್ಲಿ ಕೊಂಡುಕೊಂಡು, ಬೇರೆ ಬೇರೆ ನಿರ್ವಾಹಕರ ಮೂಲಕ ಎರಡು ದಶಕ ರೈಲು ಓಡಿಸಿತು. 1990ರ ದಶಕದ ನೆರೆಗಳು ಸೇತುವೆಗಳನ್ನೂ ಏರಿಗಳನ್ನೂ ಕೆಡವಿದ ಮೇಲೆ ದುರಸ್ತಿಗೆ ಹಣ ಹೊಂದಿಸುವುದು ಸಾಧ್ಯವಾಗದೆ ರೈಲು ನಿಂತಿತು. ಹಾದಿ ಮಾಡುವ ನಿರ್ಧಾರವಾದ ಮೇಲೆ, ರಾಜ್ಯದ ಸ್ನೋಮೊಬೈಲ್ ಸಂಘಟನೆಯಾದ ವಾಸ್ಟ್, ಅಂದರೆ ವರ್ಮಾಂಟ್ ಹಿಮಯಾತ್ರಿಗಳ ಸಂಘ, ಅದನ್ನು ಕಟ್ಟುವ ಹೊಣೆ ಹೊತ್ತಿತು. ಆಗ ಅಮೆರಿಕದ ಸಂಸತ್ತಿನ ಕೆಳಮನೆಯ ಸದಸ್ಯರಾಗಿದ್ದ ಬರ್ನಿ ಸ್ಯಾಂಡರ್ಸ್ ಅವರ ಪ್ರಯತ್ನದಿಂದ 2005ರಲ್ಲಿ ಕೇಂದ್ರ ಸರ್ಕಾರದ ಹಣ ಬಂತು. ಆದರೂ ಮೊದಲ ಭಾಗಗಳು ಜನರ ಬಳಕೆಗೆ ಸಿಕ್ಕಿದ್ದು ಮುಂದಿನ ದಶಕದಲ್ಲಿ, ಕಡೆಗೆ ರಾಜ್ಯದ ಸಾರಿಗೆ ಇಲಾಖೆ ಕೆಲಸವನ್ನು ಕೈಗೆತ್ತಿಕೊಂಡು ಇಡೀ ದಾರಿಯನ್ನು ಪೂರೈಸಿದ್ದು 2023ರಲ್ಲಿ.

ಅದೇ ವರ್ಷದ ಜುಲೈ ತಿಂಗಳಲ್ಲಿ ವರ್ಮಾಂಟಿಗೆ ಭಾರೀ ನೆರೆ ಬಂದು, ಹೊಸದಾಗಿ ಮುಗಿದ ಹಾದಿಯನ್ನು ಹಲವು ಕಡೆ ಕೊಚ್ಚಿಕೊಂಡು ಹೋಯಿತು. ಸರಿಪಡಿಸುವ ಕೆಲಸ 2024ಕ್ಕೂ ಮುಂದುವರಿಯಿತು. ಇದು ಆಕಸ್ಮಿಕವೆಂದು ನಾನು ಭಾವಿಸುವುದಿಲ್ಲ. ಮೃದುವಾದ ಏರಿಗಾಗಿ ರೈಲು ನದಿಯನ್ನು ಹಿಡಿಯಿತು. ನದಿಯನ್ನು ಹಿಡಿದ ದಾರಿ ನದಿಯ ಕೋಪವನ್ನೂ ಹಂಚಿಕೊಳ್ಳಲೇಬೇಕು. ತಗ್ಗಿಗೆ ಅಡ್ಡಲಾಗಿ ಕಟ್ಟಿದ ಏರಿಯು ನೆರೆಯ ದಿನ ಅಣೆಕಟ್ಟಿನಂತೆ ವರ್ತಿಸುತ್ತದೆ: ಅದರ ಕೆಳಗಿನ ಮೋರಿ ಚಿಕ್ಕದಾಗಿದ್ದರೆ, ಅಥವಾ ಕೊಚ್ಚಿಬಂದ ಮರದ ಕೊಂಬೆಗಳು ಅದರ ಬಾಯಿಗೆ ಸಿಕ್ಕಿಕೊಂಡರೆ, ನೀರು ಒಂದು ಮಗ್ಗುಲಲ್ಲಿ ಏರುತ್ತಾ ಹೋಗಿ ಏರಿಯ ಮೇಲೆ ಹರಿದು ಅದನ್ನು ಕೊರೆದುಹಾಕುತ್ತದೆ. ಇಂತಹ ಕಡೆ ಬಾಳುವ ಪರಿಹಾರವೆಂದರೆ ಮೋರಿಯನ್ನು ದೊಡ್ಡದು ಮಾಡುವುದು. ಈ ಕಾರಣದಿಂದ, ಹೊರಡುವ ಮುನ್ನ ಸಾರಿಗೆ ಇಲಾಖೆ ಪ್ರಕಟಿಸುವ ಮುಚ್ಚಿದ ಭಾಗಗಳ ವಿವರವನ್ನು ತಪ್ಪದೆ ನೋಡಬೇಕು. ನಡುದಾರಿಯಲ್ಲಿ ಸೇತುವೆ ಇಲ್ಲವೆಂದು ಗೊತ್ತಾದರೆ ಬಳಸುದಾರಿಯ ರಸ್ತೆ ಖಂಡಿತವಾಗಿಯೂ ಶೇಕಡಾ 2ರ ಏರಿನದಾಗಿರುವುದಿಲ್ಲ.

ಕರ್ನಾಟಕದಲ್ಲಿ ಹಳೆಯ ರೈಲುಮಾರ್ಗದ ಮೇಲಿನ ನಡಿಗೆ ಎಂದರೆ ಹಲವರಿಗೆ ದೋಣಿಗಲ್ಲಿನಿಂದ ಎಡಕುಮೇರಿಗೆ ಹೋಗುತ್ತಿದ್ದ ಚಾರಣ ನೆನಪಾಗುತ್ತದೆ. ಮೀಟರ್ ಗೇಜಿನಿಂದ ಬ್ರಾಡ್ ಗೇಜಿಗೆ ಬದಲಿಸಲು 1996ರಲ್ಲಿ ಆ ಮಾರ್ಗವನ್ನು ಮುಚ್ಚಿದಾಗ ಅಲ್ಲಿ ಚಾರಣಿಗರ ಕಾಲ ಶುರುವಾಯಿತು. ಆದರೆ ಆ ಮಾರ್ಗಕ್ಕೆ ರೈಲು ಮರಳಿ ಬಂದಿದೆ. 2006ರಿಂದ ಸರಕು ರೈಲುಗಳೂ 2007ರ ಕೊನೆಯಿಂದ ಪ್ರಯಾಣಿಕರ ರೈಲುಗಳೂ ಓಡುತ್ತಿವೆ. ಅನುಮತಿಯಿಲ್ಲದೆ ಹಳಿಯ ಮೇಲೆ ನಡೆಯುವುದು 1989ರ ರೈಲ್ವೆ ಕಾಯ್ದೆಯ 147ನೆಯ ಕಲಮಿನಡಿ ಅಪರಾಧ, ಮತ್ತು ಸುರಂಗದೊಳಗೆ ಸಿಕ್ಕಿಬಿದ್ದವರಿಗೆ ಅದು ಪ್ರಾಣಾಪಾಯ. ರೈಲುಹಾದಿ ಎಂಬ ಹೆಸರು ಸಲ್ಲುವುದು ರೈಲು ಪೂರ್ತಿಯಾಗಿ ನಿಂತು, ಹಳಿ ತೆಗೆದು, ಜನರಿಗೆಂದೇ ಬಿಟ್ಟುಕೊಟ್ಟ ದಾರಿಗೆ ಮಾತ್ರ. ಎಡಕುಮೇರಿಯನ್ನು ಈಗ ರೈಲಿನ ಕಿಟಕಿಯಿಂದಲೇ ನೋಡಬೇಕು.

ಸೇಂಟ್ ಜಾನ್ಸ್‌ಬರಿಯಿಂದ ಸ್ವಾಂಟನ್‌ಗೆ

ಸೇಂಟ್ ಜಾನ್ಸ್‌ಬರಿ ತಕ್ಕಡಿಯ ಊರು. 1830ರ ದಶಕದ ಆರಂಭದಲ್ಲಿ ಥ್ಯಾಡಿಯಸ್ ಫೇರ್‌ಬ್ಯಾಂಕ್ಸ್ ಎಂಬಾತ ಭಾರವಾದ ಸರಕನ್ನು ಗಾಡಿಯ ಸಮೇತ ತೂಗಬಲ್ಲ ಪ್ಲ್ಯಾಟ್‌ಫಾರ್ಮ್ ತಕ್ಕಡಿಯನ್ನು ಇಲ್ಲಿ ರೂಪಿಸಿದ. ಅವನ ಮನೆತನದ ಕಾರ್ಖಾನೆಯ ತಕ್ಕಡಿಗಳು ಜಗತ್ತಿನ ಹಲವು ದೇಶಗಳಿಗೆ ಹೋದವು. ಅದೇ ಮನೆತನ ಮುಂದೆ ಈ ರೈಲುಮಾರ್ಗದ ಹಿಂದೆಯೂ ನಿಂತಿತು. ಇಲ್ಲಿಂದ ಹೊರಟ ದಾರಿ ಪಶ್ಚಿಮಕ್ಕೆ ಸುಮಾರು 30 ಕಿಲೋಮೀಟರ್ ಬಹುತೇಕ ಏರುತ್ತಲೇ ಹೋಗುತ್ತದೆ. ಡ್ಯಾನ್‌ವಿಲ್ ದಾಟಿ ವಾಲ್ಡನ್ ಬಳಿ ಅದು ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಎತ್ತರದಲ್ಲಿರುತ್ತದೆ. ಇಡೀ ಮಾರ್ಗದ ನೆತ್ತಿ ಇದು.

ನೆತ್ತಿಗೆ ಸ್ವಲ್ಪ ಮೊದಲು ವೆಸ್ಟ್ ಡ್ಯಾನ್‌ವಿಲ್‌ನಲ್ಲಿ ಜೋಸ್ ಪಾಂಡ್ ಎಂಬ ಕೆರೆ ಸಿಗುತ್ತದೆ. ಈ ಸೀಮೆಯಲ್ಲಿ ಬಿಳಿಯರು ನೆಲೆಸುವ ಕಾಲದಲ್ಲಿ ಇಲ್ಲಿದ್ದ ಜೋ ಎಂಬ ಮೂಲನಿವಾಸಿಯ ಹೆಸರು ಈ ಕೆರೆಗೆ ಉಳಿದಿದೆ. ಅವನ ಹೆಂಡತಿ ಮಾಲಿಯ ಹೆಸರಿನ ಇನ್ನೊಂದು ಕೆರೆ ಸಮೀಪದಲ್ಲಿಯೇ ಇದೆ. ಚಳಿಗಾಲದಲ್ಲಿ ಊರಿನವರು ಹೆಪ್ಪುಗಟ್ಟಿದ ಕೆರೆಯ ಮೇಲೆ ಒಂದು ಸಿಮೆಂಟ್ ಇಟ್ಟಿಗೆಯನ್ನಿಟ್ಟು, ವಸಂತದಲ್ಲಿ ಮಂಜುಗಡ್ಡೆ ಕರಗಿ ಅದು ಯಾವ ದಿನ ಎಷ್ಟು ಗಂಟೆಗೆ ಮುಳುಗುತ್ತದೆಂದು ಪಂದ್ಯ ಕಟ್ಟುತ್ತಾರೆ. ಹಾದಿಯ ಋತುಮಾನವನ್ನು ತಿಳಿಯಲು ಇದು ನಿಜವಾಗಿಯೂ ಉಪಯುಕ್ತ: ಕೆರೆಯ ಗಡ್ಡೆ ಸಾಮಾನ್ಯವಾಗಿ ಏಪ್ರಿಲ್ ದ್ವಿತೀಯಾರ್ಧದವರೆಗೂ ನಿಲ್ಲುತ್ತದೆ ಎಂದರೆ, ಆ ಎತ್ತರದಲ್ಲಿ ಸೈಕಲ್ಲಿಗೆ ಯಾವಾಗ ನೆಲ ಸಿದ್ಧವಾಗಬಹುದೆಂದು ಊಹಿಸಬಹುದು.

ವಾಲ್ಡನ್ನಿನಿಂದ ಮುಂದೆ ಪಶ್ಚಿಮಕ್ಕೆ ದೀರ್ಘವಾದ ಇಳಿಕೆ. ಹಾರ್ಡ್‌ವಿಕ್ ಒಂದು ಕಾಲದಲ್ಲಿ ಗ್ರಾನೈಟ್ ಕೆತ್ತನೆಯ ದೊಡ್ಡ ಕೇಂದ್ರವಾಗಿತ್ತು; ಪಕ್ಕದ ವುಡ್‌ಬರಿಯ ಗಣಿಗಳಿಂದ ತಂದ ಕಲ್ಲನ್ನು ಇಲ್ಲಿ ಕೊರೆದು ರೈಲಿಗೆ ತುಂಬುತ್ತಿದ್ದರು, ಮತ್ತು ಪೆನ್ಸಿಲ್ವೇನಿಯಾ ರಾಜ್ಯದ ಶಾಸನಸಭೆಯ ಕಟ್ಟಡಕ್ಕೆ ಹೋದದ್ದು ಆ ಕಲ್ಲೇ. ಹಾರ್ಡ್‌ವಿಕ್ ದಾಟಿದ ಮೇಲೆ ವುಲ್ಕಟ್‌ನಲ್ಲಿ ಲಮೋಯ್ಲ್ ನದಿಯ ಮೇಲೆ ಫಿಷರ್ ಸೇತುವೆ ಇದೆ. ಇಡೀ ಹಾದಿಯಲ್ಲಿ ಒಂದೇ ಒಂದು ಜಾಗಕ್ಕೆ ಹೋಗಲು ಸಮಯವಿದ್ದರೆ ಇಲ್ಲಿಗೇ ಹೋಗಬೇಕೆಂದು ಹೇಳುತ್ತೇನೆ. 1908ರಲ್ಲಿ ಮರದಿಂದ ಕಟ್ಟಿದ ಈ ಸೇತುವೆಗೆ ಮನೆಯಂತೆ ಗೋಡೆಗಳೂ ಛಾವಣಿಯೂ ಇವೆ. ಮರದ ಜಾಲರಿ ತೊಲೆಗಳಿಗೆ ಮಳೆ, ಹಿಮ ತಗುಲಿದರೆ ಕೆಲವೇ ವರ್ಷಗಳಲ್ಲಿ ಲಡ್ಡಾಗುತ್ತವೆ. ಛಾವಣಿ ಹಾಕಿದರೆ ನೂರು ವರ್ಷ ಬಾಳುತ್ತವೆ. ಛಾವಣಿಯ ನೆತ್ತಿಯ ಉದ್ದಕ್ಕೂ ಎತ್ತರಿಸಿದ ಗವಾಕ್ಷಿಯಂತಹ ರಚನೆಯಿದೆ: ಮುಚ್ಚಿದ ಸೇತುವೆಯೊಳಗೆ ಉಗಿಬಂಡಿಯ ಹೊಗೆ ತುಂಬಿಕೊಳ್ಳದೆ ಹೊರಹೋಗಲೆಂದು ಮಾಡಿದ್ದು ಅದು. 1968ರಲ್ಲಿ ಕೆಳಗೆ ಉಕ್ಕಿನ ತೊಲೆಗಳನ್ನು ಕೊಟ್ಟು ಬಲಪಡಿಸಿದ್ದರಿಂದ ರೈಲಿನ ಕೊನೆಯ ಕಾಲದವರೆಗೂ ಅದು ಬಳಕೆಯಲ್ಲಿತ್ತು.

ಮಾರಿಸ್‌ವಿಲ್, ಹೈಡ್ ಪಾರ್ಕ್, ಜಾನ್ಸನ್ ಊರುಗಳನ್ನು ಹಾಯ್ದು ಕೇಂಬ್ರಿಜ್ ತಲುಪುವ ಹೊತ್ತಿಗೆ ಕಣಿವೆ ಅಗಲವಾಗುತ್ತದೆ. ಹಾಲಿನ ದನಗಳ ಹೊಲಗಳು, ಮೆಕ್ಕೆಜೋಳ, ಅದರಾಚೆಗೆ 1,339 ಮೀಟರ್ ಎತ್ತರದ ಮೌಂಟ್ ಮ್ಯಾನ್ಸ್‌ಫೀಲ್ಡ್, ಅಂದರೆ ರಾಜ್ಯದ ಅತ್ಯುನ್ನತ ಶಿಖರ. ಶೆಲ್ಡನ್ ಜಂಕ್ಷನ್ನಿನಲ್ಲಿ ಈ ಹಾದಿಗೆ ಮಿಸಿಸ್ಕೋಯ್ ಕಣಿವೆಯ ಇನ್ನೊಂದು ರೈಲುಹಾದಿ ಅಡ್ಡ ಸಿಗುತ್ತದೆ. ಅದು ಸೇಂಟ್ ಆಲ್ಬನ್ಸ್‌ನಿಂದ ಕೆನಡಾ ಗಡಿಯ ಬಳಿಯ ರಿಚ್‌ಫರ್ಡ್‌ವರೆಗೆ ಸುಮಾರು 42 ಕಿಲೋಮೀಟರ್ ಉದ್ದವಿದೆ. ಅಲ್ಲಿಂದ ಸ್ವಾಂಟನ್ ಹತ್ತಿರ.

ಸೈಕಲ್ಲಿನಲ್ಲಿ, ಕಾಲ್ನಡಿಗೆಯಲ್ಲಿ

ಪೂರ್ವದಿಂದ ಹೊರಟರೆ ಮೊದಲ ದಿನವೇ ಏರು ಮುಗಿದು ಉಳಿದದ್ದೆಲ್ಲ ಬಹುಪಾಲು ಇಳಿಕೆ. ಪಶ್ಚಿಮದಿಂದ ಹೊರಟರೆ ಏರು ನೂರಕ್ಕೂ ಹೆಚ್ಚು ಕಿಲೋಮೀಟರಿನ ಮೇಲೆ ಹರಡಿಕೊಂಡು ಗಮನಕ್ಕೇ ಬಾರದಂತಿರುತ್ತದೆ, ಮತ್ತು ಈ ಭಾಗದಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುವುದರಿಂದ ಅದು ಬೆನ್ನಿಗೆ ಒದಗುತ್ತದೆ. ಹೊಸಬರು ಪೂರ್ವದಿಂದ ಹೊರಡುವುದು ಮೇಲೆಂದು ನಾನು ಹೇಳುತ್ತೇನೆ: ದೇಹ ದಣಿಯುವ ಮೊದಲು ಏರು ಮುಗಿಯುತ್ತದೆ, ದಿನ ಕಳೆದಂತೆ ದಾರಿ ಸುಲಭವಾಗುತ್ತದೆ.

ದಾರಿಯ ಮೇಲ್ಮೈಯನ್ನು ಅರ್ಥ ಮಾಡಿಕೊಳ್ಳುವುದು ಇಲ್ಲಿ ಮುಖ್ಯ. ರೈಲಿನ ಕಾಲದ ದಪ್ಪ ಜಲ್ಲಿಯ ಮೇಲೆ ಸೈಕಲ್ ಓಡಿಸಲಾಗದು. ಒಂದೇ ಗಾತ್ರದ ಕಲ್ಲುಗಳು ಒಂದಕ್ಕೊಂದು ಕಚ್ಚಿಕೊಳ್ಳದೆ ಚಕ್ರದಡಿ ಜಾರುತ್ತವೆ. ಅದಕ್ಕಾಗಿ ಮೇಲೆ ಸಣ್ಣ ಕಲ್ಲಿನ ಚೂರೂ ನುಣ್ಣನೆಯ ಪುಡಿಯೂ ಬೆರೆತ ಪದರವನ್ನು ಹಾಸಿ, ನೀರು ಚಿಮುಕಿಸಿ, ರೋಲರ್ ಓಡಿಸುತ್ತಾರೆ. ಪುಡಿಯು ಚೂರುಗಳ ಸಂದು ತುಂಬಿ, ಒಣಗಿದ ಮೇಲೆ ಇಡೀ ಪದರ ಗಟ್ಟಿಯಾಗುತ್ತದೆ. ಮಳೆ ಬಂದ ಮರುದಿನ ಅದು ಮೆತ್ತಗಾಗಿ, ತುಳಿಯಲು ಗಮನಾರ್ಹವಾಗಿ ಹೆಚ್ಚು ಬಲ ಬೇಡುತ್ತದೆ. 35ರಿಂದ 40 ಮಿಲಿಮೀಟರ್ ಅಗಲದ ಟಯರುಗಳು ಇದಕ್ಕೆ ಹೊಂದುತ್ತವೆ. ರೇಸ್ ಸೈಕಲ್ಲಿನ ಸಣ್ಣ ಟಯರುಗಳನ್ನು ತರಬಾರದು. ಏಪ್ರಿಲ್ ಮತ್ತು ಮೇ ಮೊದಲ ಭಾಗ ವರ್ಮಾಂಟಿನ ‘ಕೆಸರಿನ ಋತು’. ನೆಲದ ಮೇಲ್ಭಾಗದ ಹಿಮ ಕರಗಿದ್ದರೂ ಆಳದಲ್ಲಿ ನೆಲ ಇನ್ನೂ ಹೆಪ್ಪುಗಟ್ಟಿರುವುದರಿಂದ ನೀರು ಇಂಗಲು ದಾರಿಯಿಲ್ಲದೆ ಮೇಲಿನ ಪದರದಲ್ಲೇ ನಿಲ್ಲುತ್ತದೆ. ಆಗ ಓಡಿಸಿದ ಸೈಕಲ್ಲಿನ ಗೀರು ಬೇಸಿಗೆಯುದ್ದಕ್ಕೂ ಉಳಿಯುತ್ತದೆ. ಆದ್ದರಿಂದ ಆ ವಾರಗಳಲ್ಲಿ ಹಾದಿಯನ್ನು ಬಿಟ್ಟುಬಿಡುವುದು ಮರ್ಯಾದೆ.

ಊರೂರಿನ ನಡುವೆ ನೀರು ಸಿಗದ, ಮೊಬೈಲ್ ಸಂಪರ್ಕವಿಲ್ಲದ ಉದ್ದ ಭಾಗಗಳಿವೆ. ಟ್ಯೂಬ್, ಪಂಪ್, ನೀರು ಜೊತೆಗಿರಲಿ. ಹಾದಿಯ ಅಂಚಿನ ಹುಲ್ಲಿನಲ್ಲಿ ಉಣುಗುಗಳಿರುತ್ತವೆ. ಮಂಗನ ಕಾಯಿಲೆಯನ್ನು ಬಲ್ಲ ಮಲೆನಾಡಿನವರಿಗೆ ಉಣುಗಿನ ಭಯವನ್ನು ಹೇಳಿಕೊಡಬೇಕಾಗಿಲ್ಲ. ಇಲ್ಲಿ ಅವು ಹರಡುವುದು ಲೈಮ್ ಕಾಯಿಲೆಯನ್ನು, ಹಾಗಾಗಿ ಸಂಜೆ ಮೈಯನ್ನು ಪರೀಕ್ಷಿಸಿಕೊಳ್ಳುವುದು ಅಗತ್ಯ.

ನಡೆಯುವವರಿಗೆ ರೈಲುಹಾದಿಯ ಒಂದು ಕೊರತೆಯನ್ನು ಮುಚ್ಚಿಡಬಾರದು. ಸೈಕಲ್ಲಿಗೆ ವರವಾದ ಸಮತೆ ಕಾಲ್ನಡಿಗೆಗೆ ಕೆಲವೊಮ್ಮೆ ಏಕತಾನವಾಗುತ್ತದೆ. ಕಿಲೋಮೀಟರುಗಟ್ಟಲೆ ನೇರ ದಾರಿಯಲ್ಲಿ ಒಂದೇ ಬಗೆಯ ಹೆಜ್ಜೆ ಹಾಕುತ್ತಾ ಹೋದರೆ ಬೆಟ್ಟ ಹತ್ತಿದ್ದಕ್ಕಿಂತ ಹೆಚ್ಚು ಮಂಡಿ ನೋಯಬಹುದು. ಐದಾರು ಕಿಲೋಮೀಟರಿನ ತುಣುಕನ್ನು ಆರಿಸಿಕೊಂಡು ನಿಧಾನವಾಗಿ ನೋಡುತ್ತಾ ನಡೆಯುವುದೇ ಸರಿಯಾದ ಕ್ರಮ. ಸೈಕಲ್ಲಿನಲ್ಲಿ ಕಣ್ತಪ್ಪುವ ಕಲ್ಲುಕಟ್ಟಡದ ಮೋರಿಗಳು ಆಗ ಕಾಣುತ್ತವೆ. ಮಾರ್ಚ್ ತಿಂಗಳಲ್ಲಿ ಮೇಪಲ್ ಮರದಿಂದ ಮರಕ್ಕೆ ಎಳೆದ ಪ್ಲಾಸ್ಟಿಕ್ ಕೊಳವೆಗಳಲ್ಲಿ ಸಿಹಿ ರಸ ಹರಿಯುವುದನ್ನು ಕಾಣಬಹುದು. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಅದೇ ಮೇಪಲ್ ಎಲೆಗಳು ಕೆಂಪಾಗುತ್ತವೆ.

ಹಿಮ ಬಿದ್ದ ಮೇಲೆ

ಇಲ್ಲಿ ಹೇಳುತ್ತಿರುವುದು ಲಿಫ್ಟಿನಲ್ಲಿ ಮೇಲೇರಿ ಬೆಟ್ಟದಿಂದ ಜಾರುವ ಸ್ಕೀ ಅಲ್ಲ, ಕ್ರಾಸ್ ಕಂಟ್ರಿ ಸ್ಕೀ. ಇದರಲ್ಲಿ ಬೂಟಿನ ಮುಂಭಾಗವಷ್ಟೇ ಸ್ಕೀಗೆ ಅಂಟಿಕೊಂಡಿದ್ದು ಹಿಮ್ಮಡಿ ಸ್ವತಂತ್ರವಾಗಿರುತ್ತದೆ. ಒಂದು ಕಾಲಿನಿಂದ ಹಿಮವನ್ನು ಹಿಂದಕ್ಕೊದ್ದು ಇನ್ನೊಂದು ಕಾಲಿನ ಮೇಲೆ ಜಾರುತ್ತಾ ಮುಂದೆ ಸಾಗಬೇಕು. ಸ್ಕೀ ತೆಳುವಾಗಿಯೂ ಹಗುರವಾಗಿಯೂ ಇರುವುದರಿಂದ ಕಡಿದಾದ ಇಳಿಜಾರಿನಲ್ಲಿ ವೇಗ ತಡೆಯುವುದು ಹೊಸಬರಿಗೆ ತುಂಬ ಕಷ್ಟ. ಕಾಡಿನ ಕಿರಿದಾದ ಹಾದಿಯಲ್ಲಿ ಅವರು ಬೀಳುವುದು ಹೆಚ್ಚಾಗಿ ಇಳಿಯುವಾಗಲೇ. ರೈಲುಹಾದಿಯಲ್ಲಿ ಆ ಭಯವಿಲ್ಲ. ಶೇಕಡಾ 1ರ ಇಳಿಜಾರು ಸ್ಕೀಯನ್ನು ಓಡಿಸಿಬಿಡುವಷ್ಟು ಕಡಿದೂ ಅಲ್ಲ, ನೆರವಾಗದಷ್ಟು ಸಪಾಟೂ ಅಲ್ಲ. ಎರಡೂ ಕೋಲುಗಳನ್ನು ಒಟ್ಟಿಗೆ ಊರಿ ತಳ್ಳಿದರೆ ದೇಹ ಬಹುದೂರ ತಾನಾಗಿ ಜಾರುತ್ತದೆ. ಮೊದಲ ಬಾರಿ ಸ್ಕೀ ಕಟ್ಟುವ ದಕ್ಷಿಣ ಭಾರತದವರಿಗೆ ಇದಕ್ಕಿಂತ ಒಳ್ಳೆಯ ನೆಲ ಸಿಗದು.

ಹಿಮ ಎಲ್ಲೆಡೆ ಒಂದೇ ರೀತಿ ಇರುವುದಿಲ್ಲ, ಮತ್ತು ಇದಕ್ಕೂ ಕಾರಣ ರೈಲಿನ ಕಾಲದ ಕೆಲಸವೇ. ದಿಬ್ಬ ಕಡಿದು ಮಾಡಿದ ಭಾಗಗಳಲ್ಲಿ ಬಿಸಿಲು ಬೀಳುವುದು ಕಡಿಮೆ, ತಣ್ಣನೆಯ ಗಾಳಿ ಅಲ್ಲಿಯೇ ತಂಗುತ್ತದೆ. ಹಿಮ ವಾರಗಟ್ಟಲೆ ಹೆಚ್ಚಾಗಿ ನಿಲ್ಲುತ್ತದೆ. ಎತ್ತರದ ಏರಿಗಳ ಮೇಲೆ ಗಾಳಿ ಹಿಮವನ್ನು ಗುಡಿಸಿಕೊಂಡು ಹೋಗುತ್ತದೆ, ಬಿಸಿಲೂ ನೇರವಾಗಿ ತಾಗುತ್ತದೆ. ಸೇತುವೆಯ ಹಲಗೆಗೆ ಮೇಲಿನಿಂದಲೂ ಕೆಳಗಿನಿಂದಲೂ ಗಾಳಿ ತಾಗುವುದರಿಂದ ಅಲ್ಲಿ ಹಿಮ ತೆಳುವಾಗಿ ಗಾಜಿನಂತಹ ಗಡ್ಡೆಯಾಗಿರುತ್ತದೆ. ಅಲ್ಲಿ ಸ್ಕೀ ಬಿಚ್ಚಿ ನಡೆಯುವುದು ಕ್ಷೇಮ. ಹಿಮದ ಭರವಸೆ ಹೆಚ್ಚಾಗಿರುವುದು ಎತ್ತರದ ವಾಲ್ಡನ್, ಡ್ಯಾನ್‌ವಿಲ್ ಕಡೆಗೆ. ಪಶ್ಚಿಮ ತುದಿಯಲ್ಲಿ, ಶಾಂಪ್ಲೇನ್ ಸರೋವರದ ಸಮೀಪದ ತಗ್ಗಿನಲ್ಲಿ ಕಡಿಮೆ. ವಿಸ್ಕಾನ್ಸಿನ್ ರಾಜ್ಯದ ಎಲ್ರಾಯ್–ಸ್ಪಾರ್ಟಾ ಹಾದಿಯಲ್ಲಿ ಇನ್ನೊಂದು ತೊಂದರೆ ಇದೆ. 1960ರ ದಶಕದಲ್ಲೇ ತೆರೆದ ಆ 51 ಕಿಲೋಮೀಟರಿನ ಹಾದಿಯಲ್ಲಿ ಮೂರು ಸುರಂಗಗಳಿದ್ದು, ಅತಿ ಉದ್ದದ್ದು ಒಂದು ಕಿಲೋಮೀಟರಿಗೂ ಹೆಚ್ಚು. ಒಳಗೆ ಜಿನುಗುವ ನೀರು ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿದರೆ ಕಲ್ಲು ಬಿರುಕು ಬಿಡುತ್ತದೆಂದು ರೈಲಿನವರು ಸುರಂಗದ ಬಾಯಿಗೆ ಭಾರೀ ಬಾಗಿಲುಗಳನ್ನಿಟ್ಟಿದ್ದರು. ಚಳಿಗಾಲದಲ್ಲಿ ಅವನ್ನು ಇಂದಿಗೂ ಮುಚ್ಚುತ್ತಾರೆ. ಲಮೋಯ್ಲ್ ಹಾದಿಗೆ ಈ ಚಿಂತೆಯಿಲ್ಲ.

ಇಲ್ಲಿನ ಚಿಂತೆ ಸ್ನೋಮೊಬೈಲ್. ಡಿಸೆಂಬರ್ 16ರಿಂದ ಏಪ್ರಿಲ್ 15ರವರೆಗೆ, ಹಿಮ ಸಾಕಷ್ಟಿದ್ದರೆ, ವಾಸ್ಟ್ ಸಂಘದವರು ಯಂತ್ರದಿಂದ ಹಿಮವನ್ನು ಸಮಮಾಡಿ ಒತ್ತಿ ಗಟ್ಟಿಗೊಳಿಸುತ್ತಾರೆ. ಇದರಿಂದ ಸ್ಕೀಗಾರರಿಗೂ ಲಾಭವಿದೆ: ಮಂಡಿಯುದ್ದದ ಹಿಮದಲ್ಲಿ ಹೂತುಕೊಳ್ಳದೆ ಸಾಗಬಹುದು. ಆದರೆ ಒತ್ತಿದ ಅಗಲ ನೆಲದಲ್ಲಿ ಸ್ಕೀಗೆ ಬೇಕಾದ ಜೋಡಿಗೆರೆಗಳಿರುವುದಿಲ್ಲ, ವಾಹನಗಳು ವೇಗವಾಗಿ ಬರುತ್ತವೆ. ಹಾದಿಯ ಬಲ ಅಂಚಿನಲ್ಲಿ ಒಬ್ಬರ ಹಿಂದೊಬ್ಬರು ಸಾಗಬೇಕು, ದೂರದಿಂದಲೇ ಎದ್ದುಕಾಣುವ ಬಣ್ಣದ ಬಟ್ಟೆ ತೊಡಬೇಕು, ಕಿವಿಗೆ ಹಾಡು ಹಾಕಿಕೊಳ್ಳಬಾರದು, ಸದ್ದು ಕೇಳಿದೊಡನೆ ಬದಿಗೆ ಸರಿದು ನಿಲ್ಲಬೇಕು. ಹಾದಿಯನ್ನು ಕಟ್ಟುವಾಗ ದುಡಿದವರೂ ಚಳಿಗಾಲದಲ್ಲಿ ನೋಡಿಕೊಳ್ಳುವವರೂ ಸ್ನೋಮೊಬೈಲಿನವರೇ ಎಂಬುದನ್ನು ನೆನೆದರೆ, ಅವರಿಗೆ ದಾರಿ ಬಿಡುವುದು ನ್ಯಾಯವೂ ಹೌದು.

ಕೆನಡಾದ ಕ್ವಿಬೆಕ್ ಪ್ರಾಂತ್ಯದ ಪ್ತಿ ತ್ರೈನ್ ದ್ಯು ನೋರ್ ಎಂಬ ರೈಲುಹಾದಿ ಈ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಬಗೆಹರಿಸಿದೆ. 200 ಕಿಲೋಮೀಟರಿಗೂ ಉದ್ದವಾದ ಆ ಹಾದಿಯಲ್ಲಿ ಚಳಿಗಾಲ ಬಂದೊಡನೆ ದಕ್ಷಿಣದ ಭಾಗವನ್ನು ಸ್ಕೀಗೂ ಉತ್ತರದ ಭಾಗವನ್ನು ಸ್ನೋಮೊಬೈಲಿಗೂ ಬೇರ್ಪಡಿಸುತ್ತಾರೆ. ಮಾಂಟ್ರಿಯಲ್ ನಗರದಿಂದ ಸ್ಕೀಗಾರರನ್ನು ರೈಲಿನಲ್ಲಿಯೇ ಕರೆತರುತ್ತಿದ್ದ ಮಾರ್ಗ ಅದು. ಜಾಗ ಸಾಕಷ್ಟಿದ್ದಾಗ ಹಂಚಿಕೊಳ್ಳುವುದಕ್ಕಿಂತ ಹೀಗೆ ಬೇರ್ಪಡಿಸುವುದೇ ಲೇಸೆಂದು ನನಗನಿಸುತ್ತದೆ. ಆದರೆ ಲಮೋಯ್ಲ್ ಹಾದಿ ಸ್ನೋಮೊಬೈಲ್ ಜಾಲದ ಮುಖ್ಯ ಕೊಂಡಿಯಾಗಿರುವುದರಿಂದ ಇಲ್ಲಿ ಅದು ಸುಲಭವಲ್ಲ.

ಬಾಸ್ಟನ್ನಿನ ಸುತ್ತಮುತ್ತ ನೆಲೆಸಿದ ಕನ್ನಡಿಗರಿಗೆ ಸೇಂಟ್ ಜಾನ್ಸ್‌ಬರಿ ಕಾರಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ಡಿಸೆಂಬರ್ ತಿಂಗಳಲ್ಲಿ ಇಲ್ಲಿ ಸಂಜೆ ನಾಲ್ಕೂಕಾಲರ ಹೊತ್ತಿಗೆ ಸೂರ್ಯ ಮುಳುಗುವುದರಿಂದ, ಬೆಳಿಗ್ಗೆ ಹೊರಟವರಿಗೂ ಸ್ಕೀ ಮಾಡಲು ಸಿಗುವ ಬೆಳಕು ಸ್ವಲ್ಪ. ಫೆಬ್ರವರಿಯ ಕೊನೆಯಿಂದ ಮಾರ್ಚ್ ನಡುವಿನವರೆಗೆ ಹಗಲು ಉದ್ದವಾಗಿ, ಹಿಮವೂ ನೆಲೆಗೊಂಡು, ಚಳಿಯ ಕಡುಪು ಇಳಿದಿರುತ್ತದೆ. ಆ ದಿನಗಳಲ್ಲಿ, ಸ್ನೋಮೊಬೈಲ್ ದಟ್ಟಣೆ ಕಡಿಮೆಯಿರುವ ವಾರದ ನಡುವಿನ ಒಂದು ಬೆಳಿಗ್ಗೆ, ವೆಸ್ಟ್ ಡ್ಯಾನ್‌ವಿಲ್‌ನಿಂದ ವಾಲ್ಡನ್ ಕಡೆಗೆ ಮೃದುವಾದ ಏರಿನಲ್ಲಿ ಹೋಗಿ, ಅರ್ಧ ಶಕ್ತಿ ಉಳಿದಿರುವಾಗಲೇ ತಿರುಗಿ ಇಳಿಕೆಯಲ್ಲಿ ಮರಳುವುದು ಮೊದಲ ಸಲದವರಿಗೆ ಸರಿಹೋಗುವ ಯೋಜನೆ.